ಐಇಎಲ್‌ಟಿಎಸ್ ರೀಡಿಂಗ್: ಮೂರನೇ ಪ್ಯಾಸೇಜ್‌ಗೆ ಸಮಯವೇ ಉಳಿಯುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ನನಗೆ 27 ವರ್ಷ. ಹತ್ತನೇ ತರಗತಿಯವರೆಗೆ ತೀರ್ಥಹಳ್ಳಿ ಕಡೆಯ ಕನ್ನಡ ಮೀಡಿಯಂ ಶಾಲೆಯಲ್ಲಿ ಓದಿದವಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಯುಕೆಗೆ ಹೋಗಬೇಕೆಂದು ಐಇಎಲ್‌ಟಿಎಸ್ ಅಕಾಡೆಮಿಕ್ ಎಂಬ ಇಂಗ್ಲಿಷ್ ಪರೀಕ್ಷೆಯನ್ನು ಎರಡು ಸಲ ಬರೆದೆ. ಲಿಸನಿಂಗ್ 7.5, ಸ್ಪೀಕಿಂಗ್ 7, ರೈಟಿಂಗ್ 6.5 ಬಂದಿದೆ. ರೀಡಿಂಗ್ ಮಾತ್ರ ಎರಡೂ ಸಲ 6, ಬೇಕಿರುವುದು 7. ಮನೆಯಲ್ಲಿ ಮಾಕ್ ಟೆಸ್ಟ್ ಮಾಡಿದರೆ ಮೊದಲ ಪ್ಯಾಸೇಜ್‌ನಲ್ಲಿ 13ಕ್ಕೆ 11, ಎರಡನೆಯದರಲ್ಲಿ 13ಕ್ಕೆ 8, ಮೂರನೆಯದರಲ್ಲಿ 14ಕ್ಕೆ 5 ಬರುತ್ತದೆ. ಮೂರನೆಯದಕ್ಕೆ ಬರುವಾಗ 60 ನಿಮಿಷದಲ್ಲಿ 10 ನಿಮಿಷ ಉಳಿದಿರುತ್ತದೆ ಅಷ್ಟೆ. ಕೋಚಿಂಗ್‌ನಲ್ಲಿ ‘ಪ್ಯಾಸೇಜ್ ಓದಲು ಹೋಗಬೇಡಿ, ಕೀವರ್ಡ್ ಹಿಡಿದು ಹುಡುಕಿ’ ಎನ್ನುತ್ತಾರೆ. ಸ್ನೇಹಿತೆಯೊಬ್ಬಳು ನಿಮಿಷಕ್ಕೆ 1000 ಪದ ಓದಿಸುವ ಸ್ಪೀಡ್ ರೀಡಿಂಗ್ ಕೋರ್ಸಿಗೆ ಸೇರು ಎನ್ನುತ್ತಿದ್ದಾಳೆ. ಮನಸ್ಸಿನೊಳಗೆ ಉಚ್ಚರಿಸುವುದನ್ನು ಬಿಟ್ಟರೆ ವೇಗ ಬರುತ್ತದಂತೆ. ನಾನು ಒಂದೊಂದು ವಾಕ್ಯವನ್ನೂ ಮನಸ್ಸಲ್ಲೇ ಕನ್ನಡಕ್ಕೆ ತಂದುಕೊಂಡು ಓದುತ್ತೇನೆ. ತಪ್ಪು ಅದೇನಾ? ಇದನ್ನೆಲ್ಲ ಬಿಟ್ಟು ಓಇಟಿ (ಆರೋಗ್ಯ ಕ್ಷೇತ್ರದವರಿಗಾಗಿ ಇರುವ ಇಂಗ್ಲಿಷ್ ಪರೀಕ್ಷೆ) ಬರೆಯುವುದು ಒಳ್ಳೆಯದಾ?

ಉತ್ತರ: ನೀವು ಅಂಕಗಳನ್ನು ಪ್ಯಾಸೇಜ್‌ವಾರು ಬರೆದು ಕಳಿಸಿದ್ದರಿಂದ ಅರ್ಧ ಕೆಲಸ ಹಗುರವಾಯಿತು. ನಿಮ್ಮ ಮೊತ್ತ 24. ಅಕಾಡೆಮಿಕ್ ರೀಡಿಂಗ್‌ನಲ್ಲಿ 40ಕ್ಕೆ ಸುಮಾರು 23 ಸರಿಯಾದರೆ ಬ್ಯಾಂಡ್ (ಫಲಿತಾಂಶದಲ್ಲಿ ಕೊಡುವ ಅಂಕ) 6, ಸುಮಾರು 30 ಸರಿಯಾದರೆ ಬ್ಯಾಂಡ್ 7. ಅಂದರೆ ನಿಮಗೆ ಬೇಕಿರುವುದು ಇನ್ನೂ ಆರು ಸರಿಯುತ್ತರ. ನೀವು ಕಳೆದುಕೊಂಡ 16ರಲ್ಲಿ 9 ಮೂರನೇ ಪ್ಯಾಸೇಜ್‌ನಲ್ಲೇ ಹೋಗಿವೆ, ಅವುಗಳಲ್ಲಿ ಹೆಚ್ಚಿನವು ಓದದೇ ಗೀಚಿದವು ಇರಬೇಕು.

ಹಾಗಾದರೆ ಓದಿನ ವೇಗ ಕಡಿಮೆ ಎಂದಾಯಿತಲ್ಲ ಎನ್ನಬಹುದು. ಲೆಕ್ಕ ಹಾಕಿ ನೋಡೋಣ. ಮೂರೂ ಪ್ಯಾಸೇಜ್ ಸೇರಿ 2150ರಿಂದ 2750 ಪದ ಇರುತ್ತವೆ. ಒಂದೊಂದು ಪ್ಯಾಸೇಜ್‌ಗೆ 900 ಪದ ಎಂದುಕೊಳ್ಳಿ. ನಿಮಿಷಕ್ಕೆ 150 ಪದ ಓದುವವರಿಗೆ, ಅದು ನಿಧಾನವೆಂದೇ ಹೇಳಬಹುದಾದ ವೇಗ, ಮೊದಲೆರಡು ಪ್ಯಾಸೇಜ್ ಒಂದು ಸಲ ಓದಲು 12 ನಿಮಿಷ ಸಾಕು. 26 ಪ್ರಶ್ನೆಗೆ ತಲಾ ಒಂದು ನಿಮಿಷ ಕೊಟ್ಟರೂ ಒಟ್ಟು 38. ನೀವು ಅಲ್ಲಿ 50 ನಿಮಿಷ ಕಳೆಯುತ್ತಿದ್ದೀರಿ. ಮಿಕ್ಕ 12 ನಿಮಿಷ ಎಲ್ಲಿ ಹೋಯಿತು? ಹುಡುಕಾಟದಲ್ಲಿ. ಒಂದು ಪ್ರಶ್ನೆ ಓದುವುದು, ಪ್ಯಾಸೇಜ್‌ನ ತಲೆಯಿಂದ ಬುಡದವರೆಗೆ ಕಣ್ಣಾಡಿಸುವುದು, ಸಿಗದಿದ್ದರೆ ಮತ್ತೆ ಮೇಲಕ್ಕೆ ಹೋಗುವುದು. ಈ ವಿಭಾಗದಲ್ಲಿ 6ರಲ್ಲಿ ನಿಂತುಬಿಡುವವರಲ್ಲಿ ನಾವು ಹೆಚ್ಚಾಗಿ ಕಾಣುವುದು ಇದನ್ನೇ. ‘ಓದಲು ಹೋಗಬೇಡಿ, ಹುಡುಕಿ’ ಎಂಬ ಉಪದೇಶ ಈ ರೋಗಕ್ಕೆ ಮದ್ದಾಗುವ ಬದಲು ರೋಗವನ್ನೇ ಬೆಳೆಸುತ್ತದೆ.

ಮೊದಲು ಆ 1000 ಪದದ ಕೋರ್ಸ್ ವಿಷಯ ಮುಗಿಸಿಬಿಡೋಣ. ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ. ಜಿಗಿಯುತ್ತ, ನಿಲ್ಲುತ್ತ ಸಾಗುತ್ತದೆ. ಇಂಗ್ಲಿಷ್ ಓದುವಾಗ ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡ್, ಒಂದೊಂದು ಜಿಗಿತ ಏಳರಿಂದ ಒಂಬತ್ತು ಅಕ್ಷರ. ನಿಂತ ಜಾಗದಿಂದ ಬಲಕ್ಕೆ ಹೆಚ್ಚೆಂದರೆ 14–15 ಅಕ್ಷರಗಳಿಂದ ಮಾತ್ರ ಏನಾದರೂ ಮಾಹಿತಿ ಸಿಗುತ್ತದೆ, ಅದರಲ್ಲೂ ಪದವನ್ನು ಸ್ಪಷ್ಟವಾಗಿ ಗುರುತಿಸಲಾಗುವುದು ಇನ್ನೂ ಹತ್ತಿರದಲ್ಲಿ. ಇಡೀ ಸಾಲನ್ನು, ಇಡೀ ಪ್ಯಾರಾವನ್ನು ಒಂದೇ ನೋಟಕ್ಕೆ ಹಿಡಿಯುತ್ತೇವೆ ಎನ್ನುವುದಕ್ಕೆ ನಮ್ಮ ಅಕ್ಷಿಪಟಲವೇ ಒಪ್ಪುವುದಿಲ್ಲ. ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳ ವಯಸ್ಕರು ಅರ್ಥ ಮಾಡಿಕೊಂಡು ಓದುವ ಸರಾಸರಿ ವೇಗ ನಿಮಿಷಕ್ಕೆ 240 ಪದದ ಆಸುಪಾಸು. ಓದುವಾಗಿನ ಕಣ್ಣಿನ ಚಲನೆಯ ಸಂಶೋಧಕ ಕೀತ್ ರೇನರ್ ಮತ್ತು ಸಂಗಡಿಗರು 2016ರಲ್ಲಿ ಈ ವಿಷಯದ ದಶಕಗಳ ಸಂಶೋಧನೆಯನ್ನೆಲ್ಲ ಒರೆಗೆ ಹಚ್ಚಿ ಹೇಳಿದ್ದು ಇಷ್ಟೆ: ವೇಗವನ್ನು ಎರಡು ಮೂರು ಪಟ್ಟು ಮಾಡಿಕೊಂಡರೆ ಅರ್ಥಗ್ರಹಿಕೆ ಇಳಿಯುತ್ತದೆ, ಎರಡೂ ಒಟ್ಟಿಗೆ ದಕ್ಕುವುದಿಲ್ಲ. ಸಾವಿರ ಪದದ ವೇಗದಲ್ಲಿ ನಡೆಯುವುದು ಮೇಲೆ ಮೇಲೆ ತೇಲಿಸಿ ನೋಡುವುದು. ವಿಷಯ ಮೊದಲೇ ಗೊತ್ತಿದ್ದವರಿಗೆ ಅದರಿಂದ ಲಾಭವುಂಟು. ‘ಟ್ರೂ, ಫಾಲ್ಸ್, ನಾಟ್ ಗಿವನ್’ (ಹೇಳಿಕೆ ಸರಿಯೇ, ತಪ್ಪೇ, ಅಥವಾ ಆ ಸುದ್ದಿಯೇ ಇಲ್ಲವೇ) ಪ್ರಶ್ನೆಗೆ ಅದು ವಿಷ.

ಮನಸ್ಸಿನೊಳಗಿನ ಉಚ್ಚಾರವನ್ನು ಬಿಡಬೇಕಾಗಿಲ್ಲ. ಉದ್ದ ವಾಕ್ಯದ ಮೊದಲ ತುದಿಯನ್ನು ಕೊನೆಯವರೆಗೆ ನೆನಪಿನಲ್ಲಿ ಹಿಡಿದಿಡುವುದು ಆ ಒಳದನಿಯೇ; ಬಲವಂತವಾಗಿ ಅದನ್ನು ಅದುಮಿದರೆ ಕಷ್ಟದ ಪಠ್ಯ ಅರ್ಥವಾಗುವುದಿಲ್ಲ. ತುಟಿ ಅಲುಗಾಡುತ್ತಿದ್ದರೆ ಮಾತ್ರ ಯೋಚಿಸಿ, ಆಗ ಓದು ಮಾತಿನ ವೇಗವನ್ನು ದಾಟುವುದಿಲ್ಲ. ತುಟಿಯ ಮೇಲೆ ಒಂದು ಬೆರಳಿಟ್ಟುಕೊಂಡು ಓದಿದರೆ ಗೊತ್ತಾಗುತ್ತದೆ. ಹಾಗೆಯೇ ‘ಹಿಂದಿನ ಪದಕ್ಕೆ ಮರಳಬಾರದು’ ಎಂಬ ನಿಯಮವನ್ನೂ ನಂಬಬೇಡಿ. ನುರಿತ ಓದುಗರ ಕಣ್ಣೂ ಹತ್ತರಲ್ಲಿ ಒಂದೆರಡು ಸಲ ಹಿಂದಕ್ಕೆ ಹೋಗುತ್ತದೆ. ಓದಿದ ಪದಗಳನ್ನು ಮತ್ತೆ ನೋಡಲಾಗದಂತೆ ಮುಚ್ಚಿ ಪರೀಕ್ಷಿಸಿದಾಗ ಗ್ರಹಿಕೆ ಕುಸಿದದ್ದು ಪ್ರಯೋಗದಲ್ಲೇ ಕಂಡಿದೆ.

ಇನ್ನು ಕನ್ನಡದ ವಿಷಯ. ಇದು ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಸಾಲು. ಕೋಚಿಂಗ್‌ನಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ‘ಇಂಗ್ಲಿಷಿನಲ್ಲೇ ಯೋಚಿಸಿ’ ಎಂದು ಮುಗಿಸಿಬಿಡುತ್ತಾರೆ.

ಕನ್ನಡದಲ್ಲಿ ವಿವರಣೆ ನಾಮಪದದ ಮುಂಚೆ ಬರುತ್ತದೆ, ಕ್ರಿಯಾಪದ ಕೊನೆಯಲ್ಲಿ. ‘ಮನೆಯಲ್ಲೇ ಚಿಕಿತ್ಸೆ ಪಡೆದ ರೋಗಿಗಳು ಬೇಗ ಗುಣವಾದರು.’ ಇಂಗ್ಲಿಷ್ ತಿರುಗುಮುರುಗು: ‘ದ ಪೇಷೆಂಟ್ಸ್ ಟ್ರೀಟೆಡ್ ಅಟ್ ಹೋಮ್ ರಿಕವರ್ಡ್ ಫಾಸ್ಟರ್.’ ಇಲ್ಲಿ ‘ಟ್ರೀಟೆಡ್’ ಬಂದ ಕೂಡಲೇ ಅದೇ ಮುಖ್ಯ ಕ್ರಿಯಾಪದ ಎಂದುಕೊಂಡು ಮನಸ್ಸು ‘ರೋಗಿಗಳು ಚಿಕಿತ್ಸೆ ಕೊಟ್ಟರು’ ಎಂದು ಕಟ್ಟಿಕೊಳ್ಳುತ್ತದೆ. ‘ರಿಕವರ್ಡ್’ ಎದುರಾದಾಗ ಕಟ್ಟಿದ್ದೆಲ್ಲ ಬೀಳುತ್ತದೆ, ಕಣ್ಣು ವಾಕ್ಯದ ತಲೆಗೆ ಓಡುತ್ತದೆ. ಏಳು ಪದದ ವಾಕ್ಯದಲ್ಲಿ ಇದು ಅರ್ಧ ಸೆಕೆಂಡಿನ ತೊಡಕು. ಮೂರನೇ ಪ್ಯಾಸೇಜ್‌ನ ಮೂವತ್ತೈದು ಪದದ ವಾಕ್ಯದಲ್ಲಿ ಇಂಥವು ಎರಡು ಮೂರು ಒಟ್ಟಿಗೆ ಇರುತ್ತವೆ. ಇನ್ನೊಂದು: ನಮ್ಮಲ್ಲಿ ‘ಇದ್ದರೂ’, ‘ಆದರೂ’ ಎಂಬ ತಿರುವು ಉಪವಾಕ್ಯದ ಕೊನೆಗೆ ಅಂಟಿಕೊಂಡಿರುತ್ತದೆ, ಆದ್ದರಿಂದ ಮರೆಯುವುದಿಲ್ಲ. ಇಂಗ್ಲಿಷಿನ ‘ಆಲ್‌ದೋ’, ‘ಡಿಸ್ಪೈಟ್’ ಮೊದಲೇ ಬಂದು ಹೋಗಿರುತ್ತವೆ. ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಅವು ಕೈತಪ್ಪಿ, ಲೇಖಕರು ಅಲ್ಲಗಳೆದ ಮಾತನ್ನೇ ಅವರ ಅಭಿಪ್ರಾಯವೆಂದು ಗುರುತು ಹಾಕುತ್ತೇವೆ.

ಹಾಗಾಗಿ ವಾಕ್ಯ ವಾಕ್ಯವನ್ನೂ ಕನ್ನಡಕ್ಕೆ ತರುವುದು ದುಬಾರಿ, ಏಕೆಂದರೆ ಪ್ರತಿ ವಾಕ್ಯವನ್ನೂ ಕೊನೆಯಿಂದ ಮೊದಲಿಗೆ ಮಗುಚಿ ಹಾಕಬೇಕಾಗುತ್ತದೆ. ಆದರೆ ಒಂದು ಪ್ಯಾರಾ ಮುಗಿದ ಮೇಲೆ ‘ಇದರಲ್ಲಿ ಏನು ಹೇಳಿದ’ ಎಂದು ಮೂರು ನಾಲ್ಕು ಕನ್ನಡ ಪದಗಳಲ್ಲಿ ಹೇಳಿಕೊಳ್ಳುವುದು ಬಹಳ ಒಳ್ಳೆಯ ಅಭ್ಯಾಸ. ಅದನ್ನು ಯಾರು ಬಿಡಿಸಲು ಬಂದರೂ ಬಿಡಬೇಡಿ.

ವಾಕ್ಯರಚನೆಗೆ ಮದ್ದು ಸರಳ. ದಿನಕ್ಕೆ ಹತ್ತು ನಿಮಿಷ, ಹಳೇ ಪ್ಯಾಸೇಜ್‌ನಿಂದ ಹತ್ತು ಉದ್ದ ವಾಕ್ಯ. ಪ್ರತಿಯೊಂದರಲ್ಲೂ ಮುಖ್ಯ ಕ್ರಿಯಾಪದಕ್ಕೆ ಅಡಿಗೆರೆ, ಅದರ ಕರ್ತೃವಿಗೆ ವೃತ್ತ, ನಡುವೆ ಬಂದ ವಿವರಣೆಗೆ ಆವರಣ ಚಿಹ್ನೆ. ಅರ್ಥ ಬರೆಯುವುದು ಬೇಡ, ಅನುವಾದವೂ ಬೇಡ. ಮೂರು ವಾರ ಬಿಡದೆ ಮಾಡಿ. ಗೆರೆ ಎಳೆಯದೆಯೇ ಕಣ್ಣಿಗೆ ಕ್ರಿಯಾಪದ ಹೊಳೆಯತೊಡಗಿದ ದಿನ ನಿಲ್ಲಿಸಬಹುದು.

ಕೀವರ್ಡ್ ವಿಧಾನ ಪೂರ್ತಿ ಸುಳ್ಳಲ್ಲ. ಇಸವಿ, ಹೆಸರು, ಊರು, ಅಂಕಿ ಹುಡುಕಲು ಅದೇ ಸರಿ. ಆದರೆ ಈ ಪರೀಕ್ಷೆ ಬರೆಯುವವರ ಕಸುಬೇ ಮಾತು ಬದಲಿಸುವುದು. ಪ್ರಶ್ನೆಯಲ್ಲಿ ‘ಹಣದ ಕೊರತೆ’ ಎಂದಿದ್ದರೆ ಪ್ಯಾಸೇಜ್‌ನಲ್ಲಿ ‘ಸರ್ಕಾರ ಕೈಬಿಟ್ಟಿತು’ ಎಂದಿರುತ್ತದೆ. ಪ್ರಶ್ನೆಯ ಪದವೇ ಬೇರೊಂದು ಪ್ಯಾರಾದಲ್ಲಿ ಬಲೆ ಬೀಸಿ ಕೂತಿರುತ್ತದೆ. ಪದ ಸಿಕ್ಕ ಖುಷಿಗೆ ಅಲ್ಲೇ ಉತ್ತರ ಹಾಕುವವರು ಹಾಕುವ ಉತ್ತರ ಅದು.

ಅದರ ಬದಲು ಹೀಗೆ ಮಾಡಿ. ಮೊದಲ ಒಂದು ನಿಮಿಷ ಪ್ರಶ್ನೆಗಳ ಮೇಲೆ ಕಣ್ಣಾಡಿಸಿ: ಯಾವ ಬಗೆಯ ಪ್ರಶ್ನೆ, ಯಾವ ವಿಷಯ, ಅಷ್ಟೆ. ಆಯ್ಕೆಗಳನ್ನು ಓದಬೇಡಿ, ನಾಲ್ಕರಲ್ಲಿ ಮೂರು ಸುಳ್ಳು, ಅವನ್ನು ತಲೆಗೆ ತುಂಬಿಕೊಂಡು ಪ್ಯಾಸೇಜ್‌ಗೆ ಹೋಗುವುದೇಕೆ? ಆಮೇಲೆ ಪ್ಯಾಸೇಜ್ ಪೂರ್ತಿ ಒಂದು ಸಲ, ನಿಮ್ಮ ಸಹಜ ವೇಗದಲ್ಲಿ, ಆರು ನಿಮಿಷ. ಪ್ರತಿ ಪ್ಯಾರಾ ಮುಗಿದಾಗ ಮೂರು ಪದದ ಟಿಪ್ಪಣಿ: ‘ಹಳೇ ಸಿದ್ಧಾಂತ, ತಪ್ಪು’, ‘ಪ್ರಯೋಗ, ಇಲಿ’, ‘ಟೀಕೆ—ಖರ್ಚು’. ಪೇಪರ್ ಪರೀಕ್ಷೆಯಾದರೆ ಅಂಚಿನಲ್ಲಿ ಬರೆಯಿರಿ. ಕಂಪ್ಯೂಟರ್ ಪರೀಕ್ಷೆಯಲ್ಲಿ ಪಠ್ಯವನ್ನು ಆಯ್ದು ಹೈಲೈಟ್, ನೋಟ್ ಎರಡನ್ನೂ ಮಾಡಬಹುದು. ನೋಟ್ ಟೈಪ್ ಮಾಡುತ್ತ ಕೂರುವ ಬದಲು ಪ್ಯಾರಾಕ್ಕೆ ಒಂದೇ ನುಡಿಗಟ್ಟು ಹೈಲೈಟ್ ಮಾಡುವುದು ಬೇಗ. ಇದು ಮನೆಯ ಬೀರುವಿನಲ್ಲಿ ಯಾವ ಖಾನೆಯಲ್ಲಿ ಏನಿದೆ ಎಂದು ತಿಳಿದಂತೆ. ಪ್ರಶ್ನೆ ಬಂದಾಗ ಇಡೀ ಬೀರು ಕೆದಕದೆ ಒಂದೇ ಖಾನೆ ತೆರೆಯುತ್ತೀರಿ. ಕಾಣೆಯಾದ ಆ 12 ನಿಮಿಷ ಹಿಂದಿರುಗುವುದು ಇಲ್ಲಿಂದ.

ಪ್ಯಾರಾದ ಮೊದಲ ಮತ್ತು ಕೊನೆಯ ವಾಕ್ಯ ಮಾತ್ರ ಓದಿ ಮುಂದೆ ಹೋಗಿ ಎನ್ನುವವರೂ ಇದ್ದಾರೆ. ಸಮಯ ನಿಜಕ್ಕೂ ಮುಗಿದಾಗ ಮಾತ್ರ ಆ ದಾರಿ. ಮೊದಲ ವಾಕ್ಯದಲ್ಲಿ ಒಂದು ನಂಬಿಕೆ ಹೇಳಿ, ಮೂರನೆಯದರಲ್ಲಿ ‘ಹೌಎವರ್’ ಎಂದು ಅದನ್ನು ಕೆಡಹುವ ಪ್ಯಾರಾಗಳು ಮೂರನೇ ಪ್ಯಾಸೇಜ್‌ನಲ್ಲಿ ಹೇರಳ.

ಯಾವ ಪ್ರಶ್ನೆ ಮೊದಲು ಎಂಬುದೂ ಸಮಯದ ಪ್ರಶ್ನೆಯೇ. ಟ್ರೂ–ಫಾಲ್ಸ್–ನಾಟ್ ಗಿವನ್, ಬಹು ಆಯ್ಕೆ, ವಾಕ್ಯ ಪೂರ್ಣಗೊಳಿಸುವುದು, ಕಿರು ಉತ್ತರ: ಇವುಗಳ ಉತ್ತರಗಳು ಸಾಮಾನ್ಯವಾಗಿ ಪ್ಯಾಸೇಜ್‌ನಲ್ಲಿ ಪ್ರಶ್ನೆಗಳ ಕ್ರಮದಲ್ಲೇ ಬರುತ್ತವೆ. ನಾಲ್ಕನೇ ಪ್ರಶ್ನೆಯ ಉತ್ತರ ಮೂರನೇ ಪ್ಯಾರಾದಲ್ಲೂ ಆರನೆಯದು ಐದನೇ ಪ್ಯಾರಾದಲ್ಲೂ ಸಿಕ್ಕಿದ್ದರೆ ಐದನೇ ಪ್ರಶ್ನೆಗೆ ಅವೆರಡರ ನಡುವೆ ನೋಡಿದರೆ ಸಾಕು. ‘ಈ ಮಾಹಿತಿ ಯಾವ ಪ್ಯಾರಾದಲ್ಲಿದೆ’ ಎಂಬ ಹೊಂದಿಸುವ ಪ್ರಶ್ನೆಗೆ ಅಂಥ ಕ್ರಮವಿಲ್ಲ, ಅದನ್ನು ಕೊನೆಗೆ ಇಡಿ. ಅಷ್ಟರಲ್ಲಿ ಪ್ಯಾಸೇಜ್ ಅರ್ಧ ಬಾಯಿಪಾಠವಾಗಿರುತ್ತದೆ. ಶೀರ್ಷಿಕೆ ಹೊಂದಿಸುವ ಪ್ರಶ್ನೆಯನ್ನು ನಿಮ್ಮ ಮೂರು ಪದದ ಟಿಪ್ಪಣಿಗಳೇ ಮುಕ್ಕಾಲು ಬಿಡಿಸುತ್ತವೆ.

ನಿಖರತೆಯ ಮಾತಿಗೆ ಬಂದರೆ, ನೀವು ಎರಡನೇ ಪ್ಯಾಸೇಜ್‌ನಲ್ಲಿ ಕಳೆದುಕೊಂಡ ಐದರಲ್ಲಿ ‘ನಾಟ್ ಗಿವನ್’ ಎಷ್ಟಿದೆ ಎಂದು ಎಣಿಸಿ. ಪ್ಯಾಸೇಜ್‌ನಲ್ಲಿ ‘ಹೊಸ ವಾರ್ಡಿನ ಹೆಚ್ಚಿನ ರೋಗಿಗಳು ವಯಸ್ಸಾದವರು’ ಎಂದಿದೆ ಎನ್ನೋಣ. ‘ಹೊಸ ವಾರ್ಡಿನ ಎಲ್ಲ ರೋಗಿಗಳೂ ವಯಸ್ಸಾದವರು’ ಎಂಬ ಹೇಳಿಕೆ ಫಾಲ್ಸ್, ಏಕೆಂದರೆ ಪ್ಯಾಸೇಜ್ ಅದಕ್ಕೆ ಅಡ್ಡ ನಿಲ್ಲುತ್ತದೆ. ‘ಹಳೇ ವಾರ್ಡಿಗಿಂತ ಹೊಸ ವಾರ್ಡಿನಲ್ಲಿ ವಯಸ್ಸಾದವರು ಹೆಚ್ಚು’ ಎಂಬುದು ನಾಟ್ ಗಿವನ್. ಹಳೇ ವಾರ್ಡಿನ ಸುದ್ದಿಯೇ ಇಲ್ಲ. ಪರೀಕ್ಷೆಯಲ್ಲಿ ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ: ‘ಇದು ಸುಳ್ಳು ಎಂದು ತೋರಿಸುವ ಪದಕ್ಕೆ ನಾನು ಬೆರಳಿಡಬಲ್ಲೆನೇ?’ ಇಡಲು ಆಗದಿದ್ದರೆ ಫಾಲ್ಸ್ ಹಾಕಬೇಡಿ. ನರ್ಸ್‌ಗಳಿಗೆ ಇಲ್ಲೊಂದು ವಿಶೇಷ ಅಪಾಯವಿದೆ. ನಿದ್ರೆ, ಲಸಿಕೆ, ಆಂಟಿಬಯಾಟಿಕ್ ಕುರಿತ ಪ್ಯಾಸೇಜ್ ಬಂದರೆ ಉತ್ತರ ಪ್ಯಾಸೇಜ್‌ನಿಂದ ಬರುವ ಬದಲು ವಾರ್ಡಿನ ಅನುಭವದಿಂದ ಬಂದುಬಿಡುತ್ತದೆ. ಗೊತ್ತಿರುವ ವಿಷಯದ ಪ್ಯಾಸೇಜ್‌ನಲ್ಲೇ ಹೆಚ್ಚು ಹುಷಾರಾಗಿರಿ.

ಸಣ್ಣಪುಟ್ಟ ಸೋರಿಕೆಗಳು: ಎರಡು ಪದ ಮೀರಬಾರದು ಎಂದಿರುವಲ್ಲಿ ಮೂರು ಬರೆದರೆ ಸೊನ್ನೆ. ಕಾಗುಣಿತ ತಪ್ಪಿದರೂ ಸೊನ್ನೆ, ಆದ್ದರಿಂದ ಪ್ಯಾಸೇಜ್ ನೋಡಿಯೇ ನಕಲಿಸಿ. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ಪೇಪರ್ ಪರೀಕ್ಷೆಯ ಲಿಸನಿಂಗ್‌ನಲ್ಲಿ ಕೊಡುವ ಆ ಹೆಚ್ಚುವರಿ 10 ನಿಮಿಷ ರೀಡಿಂಗ್‌ಗೆ ಇಲ್ಲ, ಉತ್ತರ ನೇರ ಹಾಳೆಯಲ್ಲೇ ಬರೆಯಿರಿ. ಗಡಿಯಾರಕ್ಕೆ 17, 20, 23 ನಿಮಿಷದ ಹಂಚಿಕೆ ನಿಮಗೆ ಸರಿಹೋದೀತು. 17 ಆದಾಗ ಮೊದಲ ಪ್ಯಾಸೇಜ್‌ನಲ್ಲಿ ಎರಡು ಪ್ರಶ್ನೆ ಉಳಿದಿದ್ದರೂ ಊಹಿಸಿ ಗುರುತಿಟ್ಟು ಎದ್ದುಬಿಡಿ. ಅಲ್ಲಿ ಒಂದು ಅಂಕಕ್ಕೆ ಮೂರು ನಿಮಿಷ ಹೋರಾಡಿದರೆ ಮೂರನೆಯದರಲ್ಲಿ ಮೂರು ಅಂಕ ಹೋಗುತ್ತದೆ. ಇದು ಗೊತ್ತಿದ್ದೂ ಪಾಲಿಸಲು ಬಹಳ ಕಷ್ಟವಾದ ನಿಯಮ, ಮನೆಯಲ್ಲೇ ಅಲಾರಾಂ ಇಟ್ಟು ರೂಢಿ ಮಾಡಿಕೊಳ್ಳಬೇಕು.

ಹಾಗಾದರೆ ವೇಗವನ್ನು ಬೆಳೆಸುವುದೇ ಬೇಡವೇ? ಬೇಕು, ಆದರೆ ಅದು ಬರುವ ದಾರಿ ಬೇರೆ. ಓದು ನಿಧಾನವಾಗುವುದು ಪದ ಗುರುತಾಗದೆ ನಿಂತಾಗ. ನೂರು ಪದದಲ್ಲಿ 98 ಗೊತ್ತಿದ್ದರೆ ಉಳಿದೆರಡನ್ನು ಊಹಿಸಿಕೊಂಡು ಸರಾಗ ಓದಬಹುದು. 95ಕ್ಕಿಂತ ಕೆಳಗಿಳಿದರೆ ಓದು ಒಗಟಾಗುತ್ತದೆ. ಅಭ್ಯಾಸಕ್ಕೆ ಹಳೇ ಪರೀಕ್ಷೆಯ ಪ್ಯಾಸೇಜ್‌ಗಳನ್ನೇ ಅರೆಯುವವರು ಎಡವುವುದು ಇಲ್ಲಿ. ವೇಗದ ಅಭ್ಯಾಸಕ್ಕೆ ಸುಲಭದ ಪಠ್ಯ ಬೇಕು. ಪತ್ರಿಕೆಯ ವಿಜ್ಞಾನ, ಪರಿಸರ, ಇತಿಹಾಸದ ಲೇಖನ ತೆಗೆದು ಮೊದಲ ನೂರು ಪದದಲ್ಲಿ ಗೊತ್ತಿಲ್ಲದವನ್ನು ಎಣಿಸಿ. ಎರಡರೊಳಗಿದ್ದರೆ ವೇಗಕ್ಕೆ, ಮೂರರಿಂದ ಐದಿದ್ದರೆ ಪದ ಕಲಿಯಲು, ಅದಕ್ಕೂ ಹೆಚ್ಚಿದ್ದರೆ ಸದ್ಯಕ್ಕೆ ಪಕ್ಕಕ್ಕಿಡಿ. ಪದಗಳಿಗೆ ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ಹಿಡಿಯಿರಿ. 570 ಪದಕುಟುಂಬಗಳಷ್ಟೇ (ಒಂದೇ ಮೂಲದ ಪದಗಳ ಗುಂಪು ಒಂದು ಕುಟುಂಬ), ಆದರೆ ವಿದ್ವತ್ ಬರಹದ ಸುಮಾರು ಹತ್ತನೇ ಒಂದು ಪಾಲು ಪದಗಳು ಅವೇ. ದಿನಕ್ಕೆ ಹತ್ತರಂತೆ ಎರಡು ತಿಂಗಳು.

ವೇಗ ಅಳೆಯಲು 400 ಪದದ ತುಣುಕು, ಮೊಬೈಲ್ ಟೈಮರ್. ಪದಸಂಖ್ಯೆಯನ್ನು 60ರಿಂದ ಗುಣಿಸಿ ಸೆಕೆಂಡಿನಿಂದ ಭಾಗಿಸಿ; 400 ಪದಕ್ಕೆ 160 ಸೆಕೆಂಡ್ ಆದರೆ ನಿಮಿಷಕ್ಕೆ 150. ಓದಿ ಮುಗಿಸಿ ಹಾಳೆ ಮಗುಚಿ ಮುಖ್ಯ ಅಂಶಗಳನ್ನು ಕನ್ನಡದಲ್ಲೇ ಬರೆಯಿರಿ. ಹತ್ತರಲ್ಲಿ ಏಳು ಬಾರದಿದ್ದರೆ ಆ ದಿನದ ವೇಗವನ್ನು ಲೆಕ್ಕಕ್ಕೆ ಹಿಡಿಯಬೇಡಿ. ವಾರಕ್ಕೆ ಮೂರು ದಿನ ಒಂದೇ ತುಣುಕನ್ನು ಮೂರು ಸಲ ಟೈಮರ್ ಇಟ್ಟು ಓದುವುದೂ ಫಲ ಕೊಡುತ್ತದೆ, ಪದಗಳ ರೂಪ ಕಣ್ಣಿಗೆ ಪಳಗುತ್ತದೆ. ಎರಡು ತಿಂಗಳಲ್ಲಿ 150ರಿಂದ 180–190ಕ್ಕೆ ಏರಿದರೆ ನಿಮ್ಮ ಪರೀಕ್ಷೆಗೆ ಧಾರಾಳ ಸಾಕು.

ಪೂರ್ತಿ ಮಾಕ್ ಟೆಸ್ಟ್ ವಾರಕ್ಕೆ ಒಂದೇ ಇರಲಿ. ಮಾಡಿದ ಮರುದಿನ ತಪ್ಪಾದ ಪ್ರತಿ ಪ್ರಶ್ನೆಯ ಎದುರು ಕಾರಣ ಬರೆಯಿರಿ: ಜಾಗ ಸಿಗಲಿಲ್ಲ, ಜಾಗ ಸಿಕ್ಕಿತು ವಾಕ್ಯ ತಿಳಿಯಲಿಲ್ಲ, ಪದ ಗೊತ್ತಿರಲಿಲ್ಲ, ಎಲ್ಲ ತಿಳಿದೂ ಆಯ್ಕೆಯಲ್ಲಿ ಎಡವಿದೆ, ಸಮಯ ಮುಗಿಯಿತು. ನಾಲ್ಕು ವಾರದ ಪಟ್ಟಿ ಎದುರಿಗಿಟ್ಟರೆ ಯಾವುದಕ್ಕೆ ಮದ್ದು ಬೇಕೆಂದು ಹೇಳಲು ಯಾರೂ ಬೇಡ. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಮಾಕ್ ಮಾಡಬೇಡಿ. ಬರುವ ಅಂಕ ನಿಮ್ಮದಾಗಿರುವುದಿಲ್ಲ, ನಿದ್ದೆಯದ್ದಾಗಿರುತ್ತದೆ.

ಈಗ ಓಇಟಿ. ಯುಕೆಯಲ್ಲಿ ನರ್ಸ್‌ಗಳ ನೋಂದಣಿ ಮಾಡುವ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ (ಎನ್‌ಎಂಸಿ; ನಮ್ಮ ದೇಶದ ಎನ್‌ಎಂಸಿ ಬೇರೆ, ಗೊಂದಲ ಬೇಡ) ಎರಡನ್ನೂ ಒಪ್ಪುತ್ತದೆ: ಐಇಎಲ್‌ಟಿಎಸ್‌ನಲ್ಲಿ ರೈಟಿಂಗ್ 6.5, ಉಳಿದ ಮೂರರಲ್ಲಿ 7. ಓಇಟಿಯಲ್ಲಿ ರೈಟಿಂಗ್ ಸಿ ಪ್ಲಸ್, ಉಳಿದವು ಬಿ. ಓಇಟಿಯ ಪಠ್ಯ ಆರೋಗ್ಯ ಕ್ಷೇತ್ರದ್ದು, ಪದಗಳು ನಿಮಗೆ ಪರಿಚಿತ, ಅದು ನಿಜವಾದ ಅನುಕೂಲ. ಆದರೆ ಅಲ್ಲಿಯ ರೀಡಿಂಗ್ ಪಾರ್ಟ್ ಎ ಎಂದರೆ ನಾಲ್ಕು ಕಿರುಪಠ್ಯ, 20 ಪ್ರಶ್ನೆ, 15 ನಿಮಿಷ. ಸಮಯ ಮುಗಿದರೆ ಅದಕ್ಕೆ ಮರಳುವಂತಿಲ್ಲ. ಹುಡುಕಾಟದಲ್ಲಿ ಸಮಯ ಕಳೆಯುವ ಅಭ್ಯಾಸ ಇಟ್ಟುಕೊಂಡೇ ಹೋದರೆ ಅಲ್ಲಿ ಪೆಟ್ಟು ಇನ್ನೂ ಜೋರು. ಶುಲ್ಕವೂ ಹೆಚ್ಚು, ಜೊತೆಗೆ ನೀವು ಈಗಾಗಲೇ ದಾಟಿರುವ ರೈಟಿಂಗ್, ಸ್ಪೀಕಿಂಗ್‌ಗಳಿಗೆ ಹೊಸ ಮಾದರಿ ಕಲಿಯಬೇಕು. ಆರು ಅಂಕಕ್ಕಾಗಿ ಪರೀಕ್ಷೆಯನ್ನೇ ಬದಲಿಸುವುದು ನನಗೆ ಸರಿ ಕಾಣುವುದಿಲ್ಲ. ಎರಡು ತಿಂಗಳ ಅಭ್ಯಾಸದ ನಂತರವೂ ನಿಮ್ಮ ತಪ್ಪುಪಟ್ಟಿಯಲ್ಲಿ ‘ಪದ ಗೊತ್ತಿರಲಿಲ್ಲ’ ಎಂಬುದೇ ಮೊದಲ ಸ್ಥಾನದಲ್ಲಿದ್ದರೆ ಆಗ ಓಇಟಿಗೆ ಹೋಗಿ.

ಒಂದು ವಿಭಾಗ ಮಾತ್ರ ಮತ್ತೆ ಬರೆಯುವ ‘ಒನ್ ಸ್ಕಿಲ್ ರೀಟೇಕ್’ ಕಂಪ್ಯೂಟರ್‌ನಲ್ಲಿ ಬರೆದವರಿಗೆ, ಮೂಲ ಪರೀಕ್ಷೆಯ 60 ದಿನದೊಳಗೆ, ಒಂದೇ ಸಲ. ಅದನ್ನು ಎಲ್ಲ ಸಂಸ್ಥೆಗಳೂ ಒಪ್ಪುವುದಿಲ್ಲವಾದ್ದರಿಂದ ಹಣ ಕಟ್ಟುವ ಮೊದಲು ಕೌನ್ಸಿಲ್‌ನ ಜಾಲತಾಣದಲ್ಲಿ ಆ ದಿನದ ನಿಯಮ ಓದಿ. ಇದಕ್ಕಿಂತ ನಿಮಗೆ ಮುಖ್ಯವಾದ ನಿಯಮ ಇನ್ನೊಂದಿದೆ. 12 ತಿಂಗಳೊಳಗೆ ಬರೆದ ಎರಡು ಪರೀಕ್ಷೆಗಳ ಅಂಕಗಳನ್ನು ಕೌನ್ಸಿಲ್ ಜೋಡಿಸಿ ನೋಡುತ್ತದೆ, ಆದರೆ ಎರಡರಲ್ಲೂ ಯಾವ ವಿಭಾಗವೂ ಬೇಕಾದ ಬ್ಯಾಂಡಿಗಿಂತ ಅರ್ಧಕ್ಕೂ ಹೆಚ್ಚು ಕೆಳಗಿರಬಾರದು. ರೀಡಿಂಗ್‌ನಲ್ಲಿ 6 ಬಂದ ನಿಮ್ಮ ಎರಡೂ ಫಲಿತಾಂಶಗಳು ಜೋಡಣೆಗೆ ಬರುವುದಿಲ್ಲ. ಮುಂದಿನ ಸಲ 6.5 ಬಂದು ಉಳಿದವು ಈಗಿನಂತೆಯೇ ಇದ್ದರೆ, ಅದಕ್ಕೆ ಸುಮಾರು 27 ಸರಿಯುತ್ತರ ಸಾಕು, ಆ ಫಲಿತಾಂಶ ಇನ್ನೊಂದು ಪರೀಕ್ಷೆಯ ಜೊತೆ ಜೋಡಿಸಲು ಒಂದು ವರ್ಷ ಕೈಯಲ್ಲಿರುತ್ತದೆ. ಹಾಗಾಗಿ ದಿನಾಂಕ ಬುಕ್ ಮಾಡುವ ಮುನ್ನ ಬೇರೆ ಬೇರೆ ಮೂರು ಮಾಕ್‌ಗಳಲ್ಲಿ, 60 ನಿಮಿಷಕ್ಕೆ ಒಂದು ಸೆಕೆಂಡೂ ಮೀರದೆ, ಸತತವಾಗಿ 31 ಬಂದಿರಲಿ. ಪರೀಕ್ಷಾ ಕೊಠಡಿಯಲ್ಲಿ ಎರಡು ಮೂರು ಜಾರಿದರೂ 6.5ಕ್ಕಿಂತ ಕೆಳಗಿಳಿಯುವುದಿಲ್ಲ.